ವಾಯಿದೆ ಮುಗಿದ ಮೇಲೆ ಕಾಣಿಸಿಕೊಂಡ ಗಾಯ

1963ರ ಜನವರಿಯಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಒಂದು ತೀರ್ಪು ಕೊಟ್ಟಿತು. ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯ ಅದೇ. ಮೊಕದ್ದಮೆ ಉಕ್ಕಿನ ಎರಕದ ಕಾರ್ಖಾನೆಯೊಂದರ ಕಾರ್ಮಿಕರದು. ಅವರ ಶ್ವಾಸಕೋಶ ಹಾಳಾಗಿದ್ದು ನಿಜ, ಹಾಳು ಮಾಡಿದ್ದು ಕಾರ್ಖಾನೆಯ ದೂಳು ಎಂಬುದೂ ನಿಜ, ಆ ದೂಳನ್ನು ಹೊರಕ್ಕೆಳೆಯುವ ವ್ಯವಸ್ಥೆ ಮಾಡದೆ ಮಾಲೀಕರು ನಿಯಮ ಮುರಿದಿದ್ದರೆಂಬುದೂ ನಿಜ. ಇಷ್ಟನ್ನೂ ಒಪ್ಪಿಕೊಂಡ ಐವರು ನ್ಯಾಯಮೂರ್ತಿಗಳು ಕೊನೆಗೆ ಒಂದೇ ದನಿಯಲ್ಲಿ ಪರಿಹಾರ ಕೊಡಲಾಗದು ಎಂದರು. ದಾವೆ ಹೂಡುವ ವಾಯಿದೆ ಮೀರಿಹೋಗಿತ್ತು. ವಾಯಿದೆ ಮೀರುವ ದಿನ ಆ ಕಾರ್ಮಿಕರಿಗೆ ತಮ್ಮ ಎದೆಯೊಳಗೆ ರೋಗ ಇದೆಯೆಂಬುದೇ ಗೊತ್ತಿರಲಿಲ್ಲ.

ವಾಯಿದೆ ಎಂಬ ಪದವನ್ನು ನಮ್ಮ ಕೋರ್ಟು ಕಚೇರಿಗಳು ಎಷ್ಟು ಸಹಜವಾಗಿ ಬಳಸುತ್ತವೆಂದರೆ ಅದು ಅರಬ್ಬಿ ಮೂಲದ್ದು ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಉರ್ದುವಿನಲ್ಲಿ ‘ವಾದಾ’ ಎಂದರೆ ಮಾತು ಕೊಡುವುದು, ಆಣೆ. ಕನ್ನಡಕ್ಕೆ ಬರುವಷ್ಟರಲ್ಲಿ ಅದೇ ಪದ ಕೊಟ್ಟ ಮಾತು ತೀರುವ ದಿನವಾಗಿದೆ. ಉರ್ದು ಶಾಲೆಯಲ್ಲಿ ಒಂದು ಅರ್ಥವನ್ನೂ ಕನ್ನಡ ಶಾಲೆಯಲ್ಲಿ ಇನ್ನೊಂದು ಅರ್ಥವನ್ನೂ ಕಲಿತ ನನ್ನಂಥವನಿಗೆ ಇವೆರಡರ ನಡುವಿನ ದೂರ ಸದಾ ಕುತೂಹಲದ್ದು. ಕಾರ್ಮಿಕ ಪರಿಹಾರದ ಇತಿಹಾಸವನ್ನು ಓದುತ್ತ ಹೋದರೆ ಆ ದೂರದಲ್ಲಿ ಎಷ್ಟು ಜನ ಕಳೆದುಹೋಗಿದ್ದಾರೆಂದು ತಿಳಿಯುತ್ತದೆ.

ಕಾಲಮಿತಿಯ ಕಾನೂನು ಕೆಟ್ಟದ್ದೆಂದು ಮೊದಲಿಗೇ ಹೇಳಿಬಿಡುವುದು ಸರಿಯಲ್ಲ. ಇಪ್ಪತ್ತು ವರ್ಷ ಸುಮ್ಮನಿದ್ದು, ಸಾಕ್ಷಿಗಳೆಲ್ಲ ಸತ್ತ ಮೇಲೆ, ಕಾಗದಪತ್ರಗಳು ಗೆದ್ದಲು ಹಿಡಿದ ಮೇಲೆ ಒಬ್ಬ ಎದ್ದುಬಂದು ನನಗೆ ಇಷ್ಟು ಬರಬೇಕು ಎಂದರೆ ಎದುರಿನವನು ಏನು ಉತ್ತರ ಕೊಟ್ಟಾನು? ಇಂಗ್ಲೆಂಡಿನಲ್ಲಿ ಮೊದಲನೇ ಜೇಮ್ಸ್ ದೊರೆಯ ಕಾಲದ 1623ರ ಶಾಸನ ಈ ಗೊಂದಲಕ್ಕೆ ಒಂದು ಗೆರೆ ಎಳೆಯಿತು. ಹೊಡೆದಾಟದ ದಾವೆಗೆ ನಾಲ್ಕು ವರ್ಷ, ಬಾಯಿಮಾತಿನ ಮಾನಹಾನಿಗೆ ಎರಡು ವರ್ಷ, ಇತರ ಬಹುತೇಕ ಹಾನಿಗಳಿಗೆ ಆರು ವರ್ಷ. ತಲೆ ಒಡೆದವನಿಗೆ ತಲೆ ಒಡೆದ ದಿನ ಗೊತ್ತಿರುತ್ತದೆ. ಬೈಸಿಕೊಂಡವನು ಬೈಗುಳವನ್ನೂ ಮರೆಯುವುದಿಲ್ಲ, ದಿನವನ್ನೂ ಮರೆಯುವುದಿಲ್ಲ. ಗಾಯವಾದ ದಿನವೂ ಗಾಯ ಕಂಡ ದಿನವೂ ಒಂದೇ ಎಂಬ ನಂಬಿಕೆಯ ಮೇಲೆ ಕಟ್ಟಿದ ಕಾನೂನು ಅದು. ಯಂತ್ರಗಳು ಬಂದ ಮೇಲೂ ಬಹುಕಾಲ ಆ ನಂಬಿಕೆ ಅಲುಗಲಿಲ್ಲ, ಯಾಕೆಂದರೆ ಯಂತ್ರಕ್ಕೆ ಸಿಕ್ಕಿ ಕತ್ತರಿಸಿದ ಬೆರಳಿಗೂ ಒಂದು ತಾರೀಖು ಇರುತ್ತದೆ.

ಕಾರ್ಮಿಕನಿಗೆ ಮಾತ್ರ ಆರು ವರ್ಷವೂ ಸಿಗಲಿಲ್ಲ. 1880ರ ಮಾಲೀಕರ ಹೊಣೆಗಾರಿಕೆ ಕಾಯ್ದೆ, ಅಪಘಾತವಾದ ಆರು ವಾರದೊಳಗೆ ಮಾಲೀಕನಿಗೆ ನೋಟಿಸು ಕೊಡಬೇಕು, ಆರು ತಿಂಗಳೊಳಗೆ ದಾವೆ ಹೂಡಬೇಕು ಎಂದಿತು. ಸಾಲ ಕೊಟ್ಟ ಸಾಹುಕಾರನಿಗೆ ಆರು ವರ್ಷ, ಕೈ ಕಳೆದುಕೊಂಡ ಕೂಲಿಯವನಿಗೆ ಆರು ತಿಂಗಳು! ಮಾಲೀಕರ ತಪ್ಪನ್ನು ಸಾಬೀತುಪಡಿಸದೆಯೇ ಪರಿಹಾರ ಕೊಡಿಸುವ ಹೊಸ ದಾರಿಯನ್ನು 1897ರ ಕಾರ್ಮಿಕರ ಪರಿಹಾರ ಕಾಯ್ದೆ ತೆರೆಯಿತು. ಅಲ್ಲಿಯೂ ಆರೇ ತಿಂಗಳು. 1906ರಲ್ಲಿ ಆ ಕಾಯ್ದೆಯನ್ನು ಕೆಲವು ಕಸುಬಿನ ರೋಗಗಳಿಗೂ ಹಬ್ಬಿಸಿದರು. ಸೀಸದ ವಿಷ, ಪಾದರಸದ ವಿಷ, ರಂಜಕದ ವಿಷ, ಆಂಥ್ರಾಕ್ಸ್ ಎಲ್ಲವೂ ಪಟ್ಟಿಗೆ ಸೇರಿದವು. ಕಲ್ಲಿನ ದೂಳಿನ ರೋಗ ಸೇರಲಿಲ್ಲ. ಕ್ಷಯಕ್ಕೂ ಅದಕ್ಕೂ ವ್ಯತ್ಯಾಸ ಗುರುತಿಸುವುದು ಕಷ್ಟ, ನಿಧಾನವಾಗಿ ಏರುವ ರೋಗಕ್ಕೆ ಯಾವ ಮಾಲೀಕನನ್ನು ಹೊಣೆ ಮಾಡುವುದು ಎಂಬುದು ಅಧಿಕಾರಿಗಳ ತಕರಾರು. ಅದಕ್ಕೆ ಪ್ರತ್ಯೇಕ ಕಾನೂನು ಬರಲು 1918ರವರೆಗೆ ಕಾಯಬೇಕಾಯಿತು.

ಈ ರೋಗದ ಹೆಸರು ಸಿಲಿಕೋಸಿಸ್. ಬೆಣಚುಕಲ್ಲು, ಮರಳು, ಗ್ರಾನೈಟ್ ಇವುಗಳಲ್ಲಿರುವ ಸಿಲಿಕಾದ ಅತಿಸೂಕ್ಷ್ಮ ಕಣ ಉಸಿರಿನ ಜೊತೆ ಒಳಹೋಗಿ ಶ್ವಾಸಕೋಶದ ತೀರಾ ಒಳಗಿನ ಗಾಳಿಚೀಲಗಳಲ್ಲಿ ನಿಲ್ಲುತ್ತದೆ. ಅದನ್ನು ನುಂಗಿ ತೆಗೆಯಲು ಬಂದ ಜೀವಕೋಶಗಳು ತಾವೇ ಸಾಯುತ್ತವೆ. ಸತ್ತ ಜಾಗ ಗಟ್ಟಿಯಾಗಿ ಗಂಟು ಕಟ್ಟುತ್ತದೆ. ಇದು ಒಂದು ದಿನದಲ್ಲಿ ಆಗುವುದಲ್ಲ. ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕಾರ್ಮಿಕನಿಗೆ ಏನೂ ಅನಿಸುವುದಿಲ್ಲ. ಆಮೇಲೆ ಮೆಟ್ಟಿಲು ಹತ್ತುವಾಗ ಏದುಸಿರು, ಒಣಕೆಮ್ಮು. ಕೆಲಸ ಬಿಟ್ಟರೂ ರೋಗ ನಿಲ್ಲುವುದಿಲ್ಲ. ಒಳಗೆ ಸೇರಿದ ಕಣ ಒಳಗೇ ಕೆಲಸ ಮಾಡುತ್ತಿರುತ್ತದೆ. ಇಂಥ ರೋಗಕ್ಕೆ ‘ಅಪಘಾತ ನಡೆದ ದಿನಾಂಕ’ ಎಂಬ ಕಾಲಂ ಎದುರಿಗೆ ಏನೆಂದು ಬರೆಯುವುದು?

ಮೊದಲಿಗೆ ಹೇಳಿದ ಮೊಕದ್ದಮೆ ನಿಂತದ್ದು ಈ ಪ್ರಶ್ನೆಯ ಮೇಲೆಯೇ. ಕಾನೂನಿನ ಪುಸ್ತಕಗಳಲ್ಲಿ ಅದಕ್ಕೆ ಕಾರ್ಟ್‌ಲೆಜ್ ವಿರುದ್ಧ ಜಾಪ್ಲಿಂಗ್ ಎಂದು ಹೆಸರು. ಎರಕ ಹೊಯ್ದ ಉಕ್ಕಿಗೆ ಅಂಟಿದ ಮರಳನ್ನು ಕೆರೆದು, ಉಜ್ಜಿ, ನಯ ಮಾಡುವುದು ಆ ಕಾರ್ಮಿಕರ ಕೆಲಸ. 1950ರ ಸೆಪ್ಟೆಂಬರ್ ನಂತರ ಕಾರ್ಖಾನೆಯವರು ದೂಳಿನ ವಿಷಯದಲ್ಲಿ ನಿಯಮ ಮುರಿದದ್ದು ಸಾಬೀತಾಗಲಿಲ್ಲ. ಕಾರ್ಮಿಕರು ದಾವೆ ಹೂಡಿದ್ದು 1956ರ ಅಕ್ಟೋಬರ್ 1ರಂದು. ಅವರಿಗೆ ಅನ್ವಯಿಸುತ್ತಿದ್ದ ವಾಯಿದೆ ಆರು ವರ್ಷ. ಎಂದರೆ 1950ರ ಅಕ್ಟೋಬರ್ 1ಕ್ಕೆ ಮುಂಚೆ ಹುಟ್ಟಿದ ಹಕ್ಕುಗಳೆಲ್ಲ ಸತ್ತ ಲೆಕ್ಕ. ತಪ್ಪು ನಡೆದದ್ದು ಅದಕ್ಕೂ ಮುಂಚೆ. ಆ ಹೊತ್ತಿಗಾಗಲೇ ಶ್ವಾಸಕೋಶದಲ್ಲಿ ಹಾನಿಯೂ ಆಗಿತ್ತು. ಹಾನಿಯಾದ ಕೂಡಲೇ ಗಡಿಯಾರ ನಡೆಯಲು ಶುರುವಾಗುತ್ತದೆ, ಹಾನಿಗೊಳಗಾದವನಿಗೆ ಅದು ತಿಳಿದಿದೆಯೋ ಇಲ್ಲವೋ ಎಂಬುದು ಕಾನೂನಿಗೆ ಸಂಬಂಧವಿಲ್ಲ ಎಂದು ನ್ಯಾಯಮೂರ್ತಿಗಳು ತೀರ್ಮಾನಿಸಿದರು.

ಅವರು ಕಲ್ಲುಹೃದಯದವರೇನೂ ಆಗಿರಲಿಲ್ಲ. ಹಾನಿಯನ್ನು ಪತ್ತೆ ಹಚ್ಚುವುದೇ ಸಾಧ್ಯವಿಲ್ಲದ ಕಾಲದಲ್ಲಿ ಹಕ್ಕು ಹುಟ್ಟಿ ಸಾಯುವುದು ತತ್ತ್ವದ ದೃಷ್ಟಿಯಿಂದ ಸಮರ್ಥಿಸಲಾಗದ್ದು ಎಂಬ ಅರ್ಥದ ಮಾತನ್ನು ಲಾರ್ಡ್ ರೀಡ್ ಬಿಚ್ಚಿಯೇ ಹೇಳಿದರು. ಆದರೆ 1939ರ ಕಾಲಮಿತಿ ಕಾಯ್ದೆ ವಂಚನೆ ಮತ್ತು ತಪ್ಪುಗ್ರಹಿಕೆ ಈ ಎರಡು ಸಂದರ್ಭಗಳಲ್ಲಿ ಮಾತ್ರ ಗಡಿಯಾರವನ್ನು ತಡೆದು ನಿಲ್ಲಿಸಲು ಅವಕಾಶ ಕೊಟ್ಟಿತ್ತು. ಎರಡನ್ನು ಹೆಸರಿಸಿದ ಮೇಲೆ ಮೂರನೆಯದಕ್ಕೆ ಜಾಗವಿಲ್ಲ ಎಂಬುದು ಅವರ ವಾದ. ಕಾನೂನು ಬದಲಾಗಬೇಕಾದರೆ ಅದು ಪಾರ್ಲಿಮೆಂಟಿನ ಕೆಲಸ ಎಂದು ಕೈಚೆಲ್ಲಿದರು.

ಇಲ್ಲಿ ಅಮೆರಿಕದ ನೆನಪು ಬರುತ್ತದೆ. ಇದೇ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಹದಿನಾಲ್ಕು ವರ್ಷ ಮೊದಲೇ, 1949ರಲ್ಲಿ ಬಂದಿತ್ತು. ಯೂರಿ ಎಂಬಾತ ಸುಮಾರು ಮೂವತ್ತು ವರ್ಷ ರೈಲು ಎಂಜಿನ್ನಿನಲ್ಲಿ ಬೆಂಕಿ ನೋಡಿಕೊಳ್ಳುವ ಫೈರ್‌ಮನ್. ಹಳಿಯ ಮೇಲೆ ಚಕ್ರ ಜಾರದಂತೆ ಎಂಜಿನ್ನಿನಿಂದ ಮರಳು ಸುರಿಸುತ್ತಾರೆ. ಆ ಮರಳಿನ ದೂಳು ಅವನ ಎದೆ ಸೇರಿತ್ತು. 1940ರಲ್ಲಿ ಕೆಲಸ ಮಾಡಲಾಗದೆ ಮನೆ ಸೇರಿದ, ಮರುವರ್ಷ ದಾವೆ ಹೂಡಿದ. ರೈಲು ಕಂಪನಿಯ ವಕೀಲರು, ವಾಯಿದೆ ಮೂರು ವರ್ಷ, ಇವನು ಎಷ್ಟೋ ಹಿಂದೆಯೇ ರೋಗಿಯಾಗಿದ್ದಿರಬೇಕು ಎಂದರು. ತನ್ನ ತಪ್ಪಿಲ್ಲದೆ ತಿಳಿಯದೇ ಉಳಿದವನಿಗೆ ಆ ತಿಳಿಯದಿರುವಿಕೆಯೇ ಶಿಕ್ಷೆಯಾಗಬಾರದು, ರೋಗ ಹೊರಗೆ ಕಾಣಿಸಿಕೊಂಡಾಗಲೇ ಗಡಿಯಾರ ಶುರು ಎಂದು ಸುಪ್ರೀಂ ಕೋರ್ಟು ಹೇಳಿತು. ಪ್ರಶ್ನೆ ಒಂದೇ, ರೋಗ ಒಂದೇ, ಮರಳೂ ಒಂದೇ. ಒಂದು ದೇಶದ ನ್ಯಾಯಾಧೀಶರಿಗೆ ಕಂಡ ದಾರಿ ಇನ್ನೊಂದು ದೇಶದವರಿಗೆ ಕಾಣಲಿಲ್ಲ. ಎರಡೂ ಕಡೆಯ ಕಾಯ್ದೆಯ ವಾಕ್ಯಗಳು ಬೇರೆ ಬೇರೆ ಎಂದು ಹೇಳಬಹುದು. ಆದರೂ ಹೌಸ್ ಆಫ್ ಲಾರ್ಡ್ಸ್ ತನಗಿದ್ದ ಅವಕಾಶಕ್ಕಿಂತ ಹೆಚ್ಚು ಅಸಹಾಯಕತೆ ತೋರಿಸಿತೆಂದೇ ನನ್ನ ಭಾವನೆ.

ಬ್ರಿಟಿಷ್ ಪಾರ್ಲಿಮೆಂಟು ಮಾತ್ರ ತಡ ಮಾಡಲಿಲ್ಲ. ಈ ಅನ್ಯಾಯದ ಬಗ್ಗೆ ನೇಮಿಸಿದ್ದ ಸಮಿತಿ 1962ರಲ್ಲೇ ವರದಿ ಕೊಟ್ಟಿತ್ತು. ತೀರ್ಪು ಬಂದ ವರ್ಷದ ಜುಲೈಯಲ್ಲೇ ಹೊಸ ಕಾಲಮಿತಿ ಕಾಯ್ದೆ ಬಂತು. ನಿರ್ಣಾಯಕವಾದ ಸಂಗತಿಗಳು ತನಗೆ ತಿಳಿದಿರಲಿಲ್ಲ ಎಂದು ತೋರಿಸಿಕೊಟ್ಟ ಕಾರ್ಮಿಕ, ತಿಳಿದ ಹನ್ನೆರಡು ತಿಂಗಳೊಳಗೆ ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು ಎಂದಾಯಿತು. 1971ರಲ್ಲಿ ಈ ಹನ್ನೆರಡು ತಿಂಗಳು ಮೂರು ವರ್ಷವಾಯಿತು. ಉದ್ದೇಶ ಒಳ್ಳೆಯದು, ಬರೆದ ರೀತಿ ಮಾತ್ರ ಯಾರಿಗೂ ಅರ್ಥವಾಗದಂಥದ್ದು. ಕಾನೂನು ಪುಸ್ತಕದಲ್ಲಿರುವ ಅತ್ಯಂತ ಕೆಟ್ಟ ಬರವಣಿಗೆ ಎಂಬ ಬಿರುದಿಗೆ ಈ ಕಾಯ್ದೆ ಅರ್ಹ ಎನ್ನುವ ಅರ್ಥದಲ್ಲಿ ಅದೇ ಲಾರ್ಡ್ ರೀಡ್ ಮುಂದೊಮ್ಮೆ ಹೇಳಬೇಕಾಯಿತು.

ಅವರು ಹಾಗೆ ಹೇಳಿದ್ದು 1972ರ ಇನ್ನೊಂದು ಮೊಕದ್ದಮೆಯಲ್ಲಿ. ಕಥೆ ಬರೆಯುವವನಾದ ನನಗೆ ಈ ಇಡೀ ಇತಿಹಾಸದಲ್ಲಿ ಮನಸ್ಸಿನಲ್ಲಿ ಉಳಿದದ್ದು ಇದೇ. ಲಂಡನ್ನಿನ ಕಲ್ನಾರು ಕಾರ್ಖಾನೆಯೊಂದರಲ್ಲಿ ಡಾಡ್ ಎಂಬ ಕಾರ್ಮಿಕನಿಗೆ ಕಲ್ನಾರಿನ ದೂಳಿನಿಂದ ಶ್ವಾಸಕೋಶದ ರೋಗ ಬಂತು. ಸರ್ಕಾರದ ವೈದ್ಯರು ಪರೀಕ್ಷಿಸಿ ಅಂಗವಿಕಲ ಪಿಂಚಣಿ ಮಂಜೂರು ಮಾಡಿದರು. ರೋಗ ಇದೆಯೆಂದು ಅವನಿಗೆ ಗೊತ್ತು, ಕೆಲಸದಿಂದ ಬಂದದ್ದೆಂದೂ ಗೊತ್ತು. ಕಾರ್ಖಾನೆಯ ಮ್ಯಾನೇಜರು ಅವನಿಗೆ ಹೇಳಿದ್ದು ಇಷ್ಟು: ಪಿಂಚಣಿ ತೆಗೆದುಕೊಳ್ಳುವವನು ಕಂಪನಿಯ ಮೇಲೆ ದಾವೆ ಹೂಡುವ ಹಾಗಿಲ್ಲ. ಅದು ಸುಳ್ಳು ಮಾಹಿತಿ. ಬೇಕೆಂದೇ ಹೇಳಿದನೋ, ತಾನೂ ಹಾಗೆಯೇ ನಂಬಿದ್ದನೋ, ಡಾಡ್ ಮಾತ್ರ ನಂಬಿದ. ತನಗಿಂತ ಹೆಚ್ಚು ಓದಿದವನು, ದಿನಾ ಕೆಲಸ ಹೇಳುವವನು ಹೇಳಿದ ಮಾತನ್ನು ನಂಬದಿರಲು ಅವನಿಗೆ ಕಾರಣವೇನಿತ್ತು? ಜೊತೆಯ ಕಾರ್ಮಿಕನೊಬ್ಬ ಯೂನಿಯನ್ನಿನ ಮೂಲಕ ವಿಚಾರಿಸಿ ಹಾಗೇನಿಲ್ಲವೆಂದು ತಿಳಿದುಕೊಂಡ ಮೇಲೆಯೇ ಅವನಿಗೂ ಸಂಗತಿ ತಿಳಿದದ್ದು. ದಾವೆ ಹೂಡಿದಾಗ 1967. ವಾಯಿದೆ ಮೀರಿತ್ತು. ಸಂಗತಿ ತಿಳಿಯದಿರುವುದು ಬೇರೆ, ಕಾನೂನು ತಿಳಿಯದಿರುವುದು ಬೇರೆ ಎಂದು ಕಂಪನಿಯವರು ವಾದಿಸಿದರು. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಡಾಡ್‌ನ ಪರವಾಗಿ, ಇಬ್ಬರು ವಿರುದ್ಧವಾಗಿ ನಿಂತರು. ಪರವಾಗಿದ್ದ ಮೂವರ ಕಾರಣಗಳೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅವನು ಗೆದ್ದ. ಯಾಕೆ ಗೆದ್ದನೆಂದು ಮುಂದಿನ ವಕೀಲರಿಗೆ ಹೇಳಲಾಗಲಿಲ್ಲ.

ಈ ಗೋಜಲು ಬಿಡಿಸಲು ಬಂದ 1975ರ ಕಾಯ್ದೆಯೇ ಈಗಲೂ ಅಲ್ಲಿ ನಡೆಯುತ್ತಿರುವ 1980ರ ಕಾಲಮಿತಿ ಕಾಯ್ದೆಯ ತಿರುಳು. ಮೂರು ವರ್ಷದ ವಾಯಿದೆಯನ್ನು ಹಾನಿಯಾದ ದಿನದಿಂದ ಇಲ್ಲವೇ ಅದು ತಿಳಿದ ದಿನದಿಂದ, ಯಾವುದು ಆಮೇಲಿನದೋ ಅಲ್ಲಿಂದ ಎಣಿಸಬೇಕು. ತಿಳಿಯುವುದೆಂದರೆ ಏನನ್ನು? ರೋಗ ಗಂಭೀರವಾದದ್ದು, ಅದು ಇಂಥ ಕೆಲಸದಿಂದ ಬಂತು, ಅದಕ್ಕೆ ಕಾರಣ ಇಂಥವರು ಎಂಬುದನ್ನು. ಅವರು ಮಾಡಿದ್ದು ಕಾನೂನಿನ ದೃಷ್ಟಿಯಲ್ಲಿ ತಪ್ಪು ಎಂಬ ತಿಳುವಳಿಕೆ ಇರಲಿ ಬಿಡಲಿ, ಲೆಕ್ಕಕ್ಕಿಲ್ಲ. ಹಾಗಾದರೆ ಡಾಡ್‌ನಂಥವನು ಮತ್ತೆ ಹೊರಗುಳಿದನಲ್ಲ ಎನ್ನಬಹುದು. ಅವನಿಗಾಗಿಯೇ ಎಂಬಂತೆ ಇನ್ನೊಂದು ಬಾಗಿಲು ಇಟ್ಟರು. ವಾಯಿದೆ ಮೀರಿದ್ದರೂ, ಎಷ್ಟು ತಡವಾಯಿತು, ಯಾಕೆ ತಡವಾಯಿತು, ಎದುರು ಪಕ್ಷ ಹೇಗೆ ನಡೆದುಕೊಂಡಿತು, ಕಾರ್ಮಿಕ ಯಾರ ಸಲಹೆ ಕೇಳಿದ, ತಡವಾದದ್ದರಿಂದ ಸಾಕ್ಷ್ಯ ಎಷ್ಟು ಹಾಳಾಗಿದೆ ಎಂಬುದನ್ನೆಲ್ಲ ತೂಗಿ ನೋಡಿ ದಾವೆಯನ್ನು ಮುಂದುವರಿಸಲು ಬಿಡುವ ವಿವೇಚನೆ ನ್ಯಾಯಾಧೀಶರಿಗೆ ಸಿಕ್ಕಿತು.

ನಮ್ಮ ದೇಶದ ಕಾನೂನು ಬ್ರಿಟಿಷರ ಹಳೆಯ ಅಚ್ಚಿನಿಂದಲೇ ಬಂದದ್ದು. 1923ರ ಕಾರ್ಮಿಕರ ಪರಿಹಾರ ಕಾಯ್ದೆ 1924ರ ಜುಲೈ 1ರಿಂದ ಜಾರಿಗೆ ಬಂತು. ಅವರಲ್ಲಿದ್ದ ಆರು ತಿಂಗಳು ಇಲ್ಲಿಯೂ ಬಂತು. ಓದುಬರಹ ಬಲ್ಲ, ಯೂನಿಯನ್ ಇದ್ದ ಇಂಗ್ಲೆಂಡಿನ ಕಾರ್ಮಿಕನಿಗೇ ಸಾಲದಾಗಿದ್ದ ಆರು ತಿಂಗಳು, ಹಳ್ಳಿಯಿಂದ ಬಂದು ಗಿರಣಿ ಸೇರಿ ಕೈ ಮುರಿದುಕೊಂಡು ಹಳ್ಳಿಗೇ ಹಿಂತಿರುಗುವ ನಮ್ಮವನಿಗೆ ಸಾಕೆಂದು ಲೆಕ್ಕ ಹಾಕಿದರು. ಮುಂದೆ ಅದು ಒಂದು ವರ್ಷವಾಯಿತು. 1962ರ ತಿದ್ದುಪಡಿಯಿಂದ ಎರಡು ವರ್ಷವಾಯಿತು. ಕಸುಬಿನ ರೋಗಗಳ ಮೊದಲ ಪಟ್ಟಿಯಲ್ಲಿ ಆಂಥ್ರಾಕ್ಸ್, ಸೀಸ, ರಂಜಕ ಇದ್ದವು. ಸಿಲಿಕೋಸಿಸ್ ಇರಲಿಲ್ಲ, ಅದು ಸೇರಿದ್ದು ಆಮೇಲೆ.

ಇರಲಿಲ್ಲವೆಂದರೆ ರೋಗವೇ ಇರಲಿಲ್ಲವೆಂದಲ್ಲ. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಕಂಪನಿ ಕೆಲಸ ನಡೆಸುತ್ತಿತ್ತು. ಚಿನ್ನ ಅಡಗಿರುವುದು ಬೆಣಚುಕಲ್ಲಿನ ಪದರದಲ್ಲಿ. ಮೂರು ಕಿಲೋಮೀಟರಿಗೂ ಆಳದವರೆಗೆ ಆ ಕಲ್ಲನ್ನು ಕೊರೆದು, ಸಿಡಿಸಿ, ಮೇಲೆ ತಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್ ಮೊದಲಾದ ಕಡೆಗಳಿಂದ ಬಂದ ದಲಿತರು. 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್‌ಗಾಗಿಯೇ ನಿಯಮಾವಳಿಯೊಂದನ್ನು ತಂದಿತು. ಆ ದಶಕದಲ್ಲಿ ಅಲ್ಲಿನ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಗೆ ಈ ರೋಗ ಕಂಡುಬಂತು. ಇದು ಭಾರತದಲ್ಲಿ ಸಿಲಿಕೋಸಿಸ್ ಕುರಿತ ಮೊದಲ ದೊಡ್ಡ ದಾಖಲೆಗಳಲ್ಲೊಂದು. ದೇಶಕ್ಕೆಲ್ಲ ಮೊದಲು ಎಚ್ಚರಿಕೆ ಕೊಟ್ಟ ಜಾಗ ಕನ್ನಡ ನಾಡಿನದು. ಕೋಲಾರದ ಚಿನ್ನದ ಬಗ್ಗೆ ನಾವು ಬರೆದುಕೊಂಡಷ್ಟನ್ನು ಆ ದೂಳಿನ ಬಗ್ಗೆ ಬರೆದಿಲ್ಲ.

1923ರ ಕಾಯ್ದೆಗೆ ನ್ಯಾಯ ಒದಗಿಸಿಯೇ ಮಾತಾಡಬೇಕು. ಅಪಘಾತದ ತಾರೀಖು ಎಂಬ ತೊಡಕನ್ನು ಅದು ತನ್ನದೇ ರೀತಿಯಲ್ಲಿ ಬಿಡಿಸಲು ಯತ್ನಿಸಿತು. ಕಸುಬಿನ ರೋಗವಾದರೆ, ಅದರ ಕಾರಣದಿಂದ ಕಾರ್ಮಿಕ ಸತತವಾಗಿ ಗೈರುಹಾಜರಾದ ಮೊದಲ ದಿನವನ್ನೇ ಅಪಘಾತದ ದಿನವೆಂದು ಭಾವಿಸತಕ್ಕದ್ದು. ಮಲಗುವಷ್ಟು ಕೆಟ್ಟಿಲ್ಲ, ಕುಂದು ಮಾತ್ರ ಇದೆ ಎಂದಾದರೆ ಮಾಲೀಕನಿಗೆ ಅದನ್ನು ತಿಳಿಸಿದ ದಿನದಿಂದ ಎಣಿಕೆ. ಕೆಲಸ ಬಿಟ್ಟು ಎರಡು ವರ್ಷದೊಳಗೆ ರೋಗದ ಲಕ್ಷಣ ಕಾಣಿಸಿಕೊಂಡರೆ, ಲಕ್ಷಣ ಪತ್ತೆಯಾದ ದಿನವೇ ಅಪಘಾತದ ದಿನ. ಇವೆಲ್ಲದರ ಮೇಲೆ, ತಡವಾದದ್ದಕ್ಕೆ ಸಾಕಷ್ಟು ಕಾರಣವಿದೆ ಎಂದು ಪರಿಹಾರ ಆಯುಕ್ತರಿಗೆ ಮನವರಿಕೆಯಾದರೆ ವಾಯಿದೆ ಮೀರಿದ ಅರ್ಜಿಯನ್ನೂ ತೆಗೆದುಕೊಳ್ಳುವ ಅಧಿಕಾರ. ಬ್ರಿಟನ್ನಿನ ಕೋರ್ಟುಗಳಿಗೆ 1975ರಲ್ಲಿ ಸಿಕ್ಕ ವಿವೇಚನೆಯಂಥದ್ದು ನಮ್ಮ ಆಯುಕ್ತರ ಕೈಯಲ್ಲಿ ಅದಕ್ಕೂ ಮುಂಚಿನಿಂದ ಇತ್ತು ಎನ್ನುವುದು ಸಣ್ಣ ಮಾತಲ್ಲ.

ತೊಡಕು ಇರುವುದು ಆ ಎರಡು ವರ್ಷದಲ್ಲಿ. ಕೆಲಸ ಬಿಟ್ಟ ಹತ್ತು ವರ್ಷದ ಮೇಲೂ ಸಿಲಿಕೋಸಿಸ್ ಮೇಲೇಳುತ್ತದೆ. ಕಲ್ನಾರು ತರುವ ಮೆಸೊಥೀಲಿಯೋಮ ಎಂಬ ಕ್ಯಾನ್ಸರ್ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳನ್ನೂ ತೆಗೆದುಕೊಳ್ಳುತ್ತದೆ. ಈ ಕಾಯ್ದೆ 2010ರಲ್ಲಿ ನೌಕರರ ಪರಿಹಾರ ಕಾಯ್ದೆ ಎಂದು ಹೆಸರು ಬದಲಿಸಿಕೊಂಡಾಗಲೂ ಎರಡು ವರ್ಷ ಎರಡೇ ವರ್ಷವಾಗಿ ಉಳಿದಿತ್ತು. ಈಗ ಆ ಕಾಯ್ದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಕರಗಿದೆ, ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ಆದರೆ ಹಿಂದಿನ ನೂರು ವರ್ಷ ಉಸಿರೆಳೆದವರ ಹಣೆಬರಹ ಹಳೆಯ ಕಾಯ್ದೆಯಲ್ಲೇ ತೀರ್ಮಾನವಾಗಿಹೋಗಿದೆ.

ತಿಳಿದ ದಿನದಿಂದ ಎಣಿಸುತ್ತೇವೆ ಎಂಬ ಉದಾರ ನಿಯಮವಿದ್ದರೂ ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. ತಿಳಿಸುವವರು ಯಾರು? ಕಲ್ಲಿನ ಕ್ವಾರಿಯಲ್ಲೋ ಕ್ರಷರ್‌ನಲ್ಲೋ ಕೆಲಸ ಮಾಡಿದವನು ಕೆಮ್ಮುತ್ತ ಆಸ್ಪತ್ರೆಗೆ ಹೋದರೆ ಮೊದಲು ಬೀಳುವ ಹೆಸರು ಟಿಬಿ. ಎಕ್ಸ್‌ರೇಯಲ್ಲಿ ಎರಡೂ ಒಂದನ್ನೊಂದು ಹೋಲುತ್ತವೆ, ಸಿಲಿಕೋಸಿಸ್ ಇದ್ದವನಿಗೆ ಟಿಬಿ ಬೇಗ ಅಂಟುವುದೂ ಹೌದು. ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳುವಷ್ಟು ಪುರುಸೊತ್ತು ಓ.ಪಿ.ಡಿ.ಯ ಸಾಲಿನಲ್ಲಿ ವೈದ್ಯರಿಗೆ ಇರುವುದಿಲ್ಲ. ಮಾತ್ರೆ ತಿಂದು ತಿಂದು ಅವನು ಸತ್ತರೆ ಮರಣದ ಕಾರಣ ಟಿಬಿ ಎಂದೇ ಬರೆಯುತ್ತಾರೆ. ಗಡಿಯಾರ ಶುರುವಾಗುವುದೇ ಇಲ್ಲ, ಆದ್ದರಿಂದ ವಾಯಿದೆ ಮೀರುವ ಪ್ರಶ್ನೆಯೂ ಇಲ್ಲ! ಕಾರ್ಮಿಕನ ಕೈಯಲ್ಲಿ ಹಾಜರಿ ಪುಸ್ತಕವಿಲ್ಲ, ಸಂಬಳದ ಚೀಟಿಯಿಲ್ಲ, ಗುತ್ತಿಗೆದಾರನ ಹೆಸರೂ ಅರ್ಧ ಮರೆತಿರುತ್ತದೆ. ಕಲ್ನಾರು ಕಾರ್ಮಿಕರ ಮೊಕದ್ದಮೆಯಲ್ಲಿ 1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಇದನ್ನು ಚೆನ್ನಾಗಿ ಗ್ರಹಿಸಿತ್ತು. ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಕಾರ್ಖಾನೆಯವರು ಕಾಪಿಡಬೇಕೆಂದು ಆಜ್ಞೆ ಮಾಡಿತು. ನನ್ನ ದೃಷ್ಟಿಯಲ್ಲಿ ವಾಯಿದೆಗೆ ಇನ್ನೆರಡು ವರ್ಷ ಕೂಡಿಸುವುದಕ್ಕಿಂತ ಈ ಆಜ್ಞೆ ದೊಡ್ಡದು. ಪುಸ್ತಕ ಇದ್ದರೆ ವರ್ಷಗಳಿಗೆ ಬೆಲೆ.

ಇದನ್ನೆಲ್ಲ ಓದುವಾಗ ಮಜಲ್ಲಾದ ನೆನಪಾಯಿತು. ಉಸ್ಮಾನಿ ಸಾಮ್ರಾಜ್ಯದಲ್ಲಿ ಅಹ್ಮದ್ ಜೆವ್ದೆತ್ ಪಾಷಾರ ನೇತೃತ್ವದಲ್ಲಿ 1869ರಿಂದ 1876ರವರೆಗೆ ಹನಫಿ ಫಿಕ್ಹಿನ ಆಧಾರದ ಮೇಲೆ ಸಿದ್ಧವಾದ ನಾಗರಿಕ ಸಂಹಿತೆ ಅದು. ಅದರಲ್ಲಿಯೂ ಕಾಲಮಿತಿ ಇದೆ, ಸಾಲ ಮೊದಲಾದ ದಾವೆಗಳನ್ನು ಹದಿನೈದು ವರ್ಷದ ಮೇಲೆ ಕಾಜಿ ಕೇಳಬಾರದು. ಆದರೆ ಅದೇ ಅಧ್ಯಾಯ, ಕಾಲ ಸರಿದ ಮಾತ್ರಕ್ಕೆ ಹಕ್ಕು ಸಾಯುವುದಿಲ್ಲ ಎಂದೂ ಹೇಳುತ್ತದೆ. ಕಾಜಿಯ ಕಿವಿ ಮುಚ್ಚಿತೇ ಹೊರತು ಬಾಕಿ ತೀರಲಿಲ್ಲ. ಪ್ರತಿವಾದಿ ತಾನೇ ಒಪ್ಪಿಕೊಂಡರೆ ಎಷ್ಟು ವರ್ಷವಾಗಿದ್ದರೂ ಕೊಡಬೇಕು. ಬಾಲಕ, ಬುದ್ಧಿಭ್ರಮಣೆಯಾದವನು, ದೂರದ ಊರಿಗೆ ಹೋಗಿದ್ದವನು ಇವರ ಕಾಲವನ್ನು ಎಣಿಸಬಾರದು. ಆ ಪಟ್ಟಿಯಲ್ಲಿ ಇನ್ನೊಬ್ಬನಿದ್ದಾನೆ, ಎದುರಾಳಿಯ ದರ್ಪಕ್ಕೆ ಹೆದರಿ ಸುಮ್ಮನಿದ್ದವನು. ಅವನ ಹೆದರಿಕೆ ಇರುವವರೆಗೂ ಗಡಿಯಾರ ನಿಂತಿರುತ್ತದೆ. ಮಜಲ್ಲಾ ಬರೆದವರ ಕಣ್ಣ ಮುಂದಿದ್ದದ್ದು ಸಾಲ, ಹೊಲ, ಮನೆ, ಕಾರ್ಖಾನೆಯ ಕಾರ್ಮಿಕನಲ್ಲ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಬೀಗುವುದಕ್ಕೆ ಇದನ್ನು ಹೇಳುತ್ತಿಲ್ಲ. ಆದರೆ ಕೆಲಸದಲ್ಲಿರುವಷ್ಟು ದಿನ ಮಾಲೀಕನ ಮೇಲೆ ಅರ್ಜಿ ಕೊಟ್ಟರೆ ನಾಳೆ ಗೇಟಿನೊಳಗೆ ಬಿಡುವುದಿಲ್ಲ ಎಂದು ಹೆದರುವವನು ನಮ್ಮ ಸುತ್ತ ಎಷ್ಟು ಮಂದಿ ಇದ್ದಾರೆ! ಆ ಹೆದರಿಕೆಯನ್ನು ಒಂದು ಕಾರಣವೆಂದು ಹೆಸರು ಹೇಳಿ ಬರೆದ ವಾಕ್ಯ ನಮ್ಮ ಪರಿಹಾರ ಕಾಯ್ದೆಯಲ್ಲಿ ಇರಲಿಲ್ಲ. ಅದನ್ನು ಸಾಕಷ್ಟು ಕಾರಣ ಎಂಬ ಸಡಿಲ ಚೀಲದೊಳಗೆ ಆಯುಕ್ತರು ಬೇಕಾದರೆ ತುಂಬಿಸಬೇಕಿತ್ತು.

ಇದು ಬಡ ದೇಶಗಳ ಕಥೆ ಮಾತ್ರ ಎಂದುಕೊಳ್ಳಬಾರದು. ಶ್ರೀಮಂತ ಸ್ವಿಟ್ಜರ್‌ಲೆಂಡಿನಲ್ಲಿ 1960ರ ಮತ್ತು 70ರ ದಶಕಗಳಲ್ಲಿ ಕಲ್ನಾರಿನ ನಡುವೆ ಕೆಲಸ ಮಾಡಿದ ಮೆಕ್ಯಾನಿಕ್ ಒಬ್ಬನಿಗೆ 2004ರಲ್ಲಿ ಮೆಸೊಥೀಲಿಯೋಮ ಇರುವುದು ಪತ್ತೆಯಾಯಿತು. ಮರುವರ್ಷ ಸತ್ತ. ಕಲ್ನಾರಿಗೆ ಮೈಯೊಡ್ಡಿದ್ದು ನಿಂತ ದಿನದಿಂದ ಹತ್ತು ವರ್ಷಕ್ಕೆ ಹಕ್ಕು ಮುಗಿಯುತ್ತದೆ ಎಂದು ಅಲ್ಲಿನ ಕೋರ್ಟುಗಳು ಅವನ ಕುಟುಂಬವನ್ನು ಹಿಂದೆ ಕಳಿಸಿದವು. ರೋಗಕ್ಕೇ ಹತ್ತು ವರ್ಷಕ್ಕಿಂತ ಹೆಚ್ಚು ಬೇಕು, ಹಕ್ಕಿಗೆ ಹತ್ತೇ ವರ್ಷ. 2014ರ ಮಾರ್ಚಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಇಂಥ ನಿಯಮ ಕೋರ್ಟಿನ ಬಾಗಿಲನ್ನೇ ಮುಚ್ಚಿದಂತೆ ಎಂದು ಸ್ವಿಟ್ಜರ್‌ಲೆಂಡಿನ ವಿರುದ್ಧ ತೀರ್ಪು ಕೊಟ್ಟಿತು. ಆ ದೇಶ 2020ರ ಜನವರಿ 1ರಿಂದ ಹತ್ತನ್ನು ಇಪ್ಪತ್ತು ಮಾಡಿತು. ಮೂವತ್ತು ವರ್ಷಕ್ಕೆ ಏಳುವ ರೋಗದವನಿಗೆ ಇಪ್ಪತ್ತೂ ಒಂದೇ, ಹತ್ತೂ ಒಂದೇ.

ಕೋಲಾರದಂತೆಯೇ ಚಿನ್ನ ತೆಗೆದ ದಕ್ಷಿಣ ಆಫ್ರಿಕದಲ್ಲಿ ಬೇರೊಂದು ದಾರಿ ಹುಡುಕಿದರು. ಸಿಲಿಕೋಸಿಸ್‌ಗೆ ತುತ್ತಾದ ಗಣಿ ಕಾರ್ಮಿಕರೆಲ್ಲ ಒಟ್ಟಾಗಿ ಹೂಡಿದ ಸಾಮೂಹಿಕ ದಾವೆ 2019ರಲ್ಲಿ ರಾಜಿಯಲ್ಲಿ ಮುಗಿಯಿತು. ಗಣಿ ಕಂಪನಿಗಳು 500 ಕೋಟಿ ರ್‍ಯಾಂಡ್‌ನಷ್ಟು ಕೊಡಲು ಒಪ್ಪಿದವು. 1965ರ ಮಾರ್ಚ್ 12ರಿಂದೀಚೆಗೆ ಆ ಗಣಿಗಳಲ್ಲಿ ಇಳಿದವರು, ಸತ್ತಿದ್ದರೆ ಅವರ ಕುಟುಂಬದವರು ಅರ್ಜಿ ಹಾಕಬಹುದು. ಹಣವನ್ನು ಹಂಚಲು ಹುಟ್ಟಿದ ಟ್ರಸ್ಟು ಮೊಜಾಂಬಿಕ್, ಲೆಸೊಥೋದ ಹಳ್ಳಿಗಳಿಗೆ ಹಿಂತಿರುಗಿದ ಹಳೆಯ ಕಾರ್ಮಿಕರನ್ನೂ ಹುಡುಕಬೇಕಾಯಿತು. ಐವತ್ತು ವರ್ಷ ಹಿಂದಕ್ಕೆ ಎಣಿಸಲು ಅಲ್ಲಿ ಸಾಧ್ಯವಾಯಿತು.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸೈನೈಡ್ ಗುಡ್ಡಗಳೆಂದು ಊರವರು ಕರೆಯುವ ಅರೆದ ಕಲ್ಲಿನ ರಾಶಿಗಳು ಹಾಗೆಯೇ ನಿಂತಿವೆ, ಬೇಸಗೆಯ ಗಾಳಿಗೆ ಅವುಗಳ ದೂಳು ಕಾಲೊನಿಗಳ ಮೇಲೆ ಬೀಳುತ್ತದೆ. ಗಣಿ ಮುಚ್ಚಿದ ದಿನವೇ ಕೊನೆಯ ಪಾಳಿ ಮುಗಿಸಿ ಮೇಲೆ ಬಂದ ಕಾರ್ಮಿಕನೊಬ್ಬನಿಗೆ ಹಳೆಯ ಕಾಯ್ದೆಯ ಲೆಕ್ಕ ಹಾಕಿ ನೋಡಿ. ಅವನ ಎದೆಯೊಳಗಿನ ರೋಗ 2003ರ ಫೆಬ್ರವರಿ 28ರೊಳಗೆ ಹೊರಗೆ ಕಾಣಿಸಿಕೊಳ್ಳಬೇಕಿತ್ತು.